ಮೂರು ದ್ವೀಪಕ್ಕೆ ಮಾತು ಕೊಟ್ಟ ಓರೆಸ್ಟ್

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರಕ್ಕಿರುವ ಪಾಪ್ಲರ್ ಬೆಂಡ್ ಎಂಬ ಊರಿನಲ್ಲಿ ಹಿಮ ಬಿದ್ದ ಬೆಳಿಗ್ಗೆ ಜನ ಮೊದಲು ನೆನೆಯುತ್ತಿದ್ದುದು ದೇವರನ್ನಲ್ಲ, ಓರೆಸ್ಟ್ ಕೊಸ್ತಿಯುಕ್‌ನನ್ನು. ಪುರಸಭೆಯ ಹಿಮ ಗೋರುವ ಲಾರಿ ಓಡಿಸುವವನು ಅವನೇ. ಯಾರಾದರೂ ಬಾಗಿಲಿನಿಂದ ತಲೆ ಹೊರಹಾಕಿ, "ಓರೆಸ್ಟ್, ಇವತ್ತು ನಮ್ಮ ಬೀದಿ ಮೊದಲು ಮಾಡಿಬಿಡ್ತೀಯಾ?" ಎಂದರೆ ಸಾಕು, "ಆಗ್ಲಿ ಆಗ್ಲಿ" ಎನ್ನುತ್ತಿದ್ದ. ಈ ರೀತಿ ಊರಿನ ಎಲ್ಲ ಬೀದಿಗಳಿಗೂ ಮೊದಲ ಸ್ಥಾನ ಸಿಕ್ಕಿಬಿಟ್ಟು, ಕೊನೆಗೆ ಅವನು ನಾಲ್ಕು ರಸ್ತೆ ಕೂಡುವಲ್ಲಿ ಲಾರಿ ನಿಲ್ಲಿಸಿ, ಯಾವ ಕಡೆ ತಿರುಗಿದರೆ ಕಡಿಮೆ ಜನ ಬೈಯುತ್ತಾರೆ ಎಂದು ಲೆಕ್ಕ ಹಾಕುತ್ತ ಕೂತಿರುತ್ತಿದ್ದ. "ಆಗಲ್ಲ" ಎಂಬ ಮಾತೊಂದು ಭಾಷೆಯಲ್ಲಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಬಳಸಿ ನೋಡಿರಲಿಲ್ಲ, ಅಷ್ಟೆ.

ಫೆಬ್ರವರಿಯ ಕೊನೆ. ಚಳಿಗಾಲ ಮುಗಿಯಿತು ಎಂದು ಬೇರೆ ಊರಿನವರು ಹೇಳುವ, ಆದರೆ ಪಾಪ್ಲರ್ ಬೆಂಡಿನವರು ಬಾಯಿ ಬಿಡದ ಕಾಲ. ಸಂಜೆ ಕರ್ಲಿಂಗ್ ಕ್ಲಬ್ಬಿನಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ ಮುಗಿದು, ಎಲ್ಲರೂ ಒಲೆಯ ಸುತ್ತ ಸೂಪು ಕುಡಿಯುತ್ತ ಕೂತಿದ್ದರು. ಓರೆಸ್ಟನ ಹೆಂಡತಿಯ ಅಣ್ಣ ಬೊಹ್ದಾನ್ ಮೆಕ್ಸಿಕೋದಿಂದ ಆಗಷ್ಟೇ ಹಿಂತಿರುಗಿದ್ದ. ಅವನು ಪ್ರತಿ ವರ್ಷ ಹೋಗುತ್ತಿದ್ದ, ಪ್ರತಿ ವರ್ಷವೂ ಬೇಯಿಸಿದ ಬೀಟ್‌ರೂಟಿನ ಬಣ್ಣದಲ್ಲಿ ಬರುತ್ತಿದ್ದ, ಆ ಬಣ್ಣ ಇಳಿಯುವವರೆಗೆ ಅಂಗಿಯ ಮೇಲಿನ ಗುಂಡಿ ಹಾಕುತ್ತಿರಲಿಲ್ಲ.

"ನೋಡು, ಇದು ನಾನು. ಇದು ಸಮುದ್ರ," ಎಂದು ಬೊಹ್ದಾನ್ ಫೋಟೋ ತೋರಿಸಿದ, ಎರಡರಲ್ಲಿ ಯಾವುದು ಯಾವುದೆಂದು ಗೊಂದಲವಾಗಬಾರದೆಂಬಂತೆ. "ನಿನಗೆಲ್ಲಿ ಇದೆಲ್ಲ, ಪಾಪ. ನೀನು ಹೋದ್ರೆ ಊರು ಹಿಮದಲ್ಲಿ ಹೂತುಹೋಗತ್ತೆ."

ಆ "ಪಾಪ" ಎಂಬ ಮಾತು ಓರೆಸ್ಟನ ಎದೆಗೆ ನಾಟಿತು.

"ಈ ವರ್ಷ ನಾವೂ ಹೊರಟಿದೀವಲ್ಲ," ಎಂದುಬಿಟ್ಟ.

"ಎಲ್ಲಿಗೆ? ಇಲ್ಲೇ ವಿನ್ನಿಪೆಗ್ ಪೇಟೆಗಾ?"

"ಕೆರಿಬಿಯನ್ನಿಗೆ. ದ್ವೀಪಕ್ಕೆ."

ಒಲೆಯ ಸುತ್ತ ಚಮಚಗಳು ನಿಂತವು.

"ಯಾವ ದ್ವೀಪ?"

"ಅದನ್ನೇ ನೋಡ್ತಾ ಇದೀವಿ. ಮೆಕ್ಸಿಕೋ ಥರ ಅಲ್ಲ ಭಾವ, ಅಲ್ಲಿ ಒಂದೊಂದು ದ್ವೀಪಕ್ಕೂ ಒಂದೊಂದು ಗುಣ. ಆತುರ ಮಾಡಿದ್ರೆ ಕೆಟ್ಟೆವು."

ಇದನ್ನು ಹೇಳುವಾಗ ಅವನ ಹಿಂದೆ ಸೂಪಿನ ಪಾತ್ರೆ ಹಿಡಿದು ಹೆಂಡತಿ ಲೆಸ್ಯಾ ನಿಂತಿದ್ದಳು. ಈ ಪ್ರವಾಸದ ಸುದ್ದಿ ಅವಳ ಕಿವಿಗೆ ಬಿದ್ದುದೂ ಅದೇ ಮೊದಲು. ಮನೆಗೆ ಹೋಗುವ ದಾರಿಯಲ್ಲಿ ಬೈಗುಳ ಕಾದಿದೆ ಎಂದು ಓರೆಸ್ಟ್ ಕುತ್ತಿಗೆ ತಗ್ಗಿಸಿಕೊಂಡ. ಆದರೆ ಲೆಸ್ಯಾ ಅವನ ತೋಳು ಹಿಡಿದುಕೊಂಡು, "ಒಂದು ವಾರ," ಎಂದಳು, "ಒಂದೇ ಒಂದು ವಾರ ಕಾಲಿಗೆ ಕಾಲುಚೀಲ ಇಲ್ಲದೆ ಕೂತ್ಕೋಬೇಕು ಓರೆಸ್ಟ್. ನನ್ನ ಕಾಲಿನ ಬೆರಳು ನಾನು ಅಕ್ಟೋಬರ್‌ನಿಂದ ಸರಿಯಾಗಿ ನೋಡಿಲ್ಲ." ಅವಳ ದನಿಯಲ್ಲಿದ್ದ ಸಂತೋಷ ಕೇಳಿ ಓರೆಸ್ಟನಿಗೆ ತಾನು ಸುಳ್ಳು ಹೇಳಿದ್ದೇ ಮರೆತುಹೋಯಿತು.

ಮರುದಿನದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿತ್ತು. ರಜೆ ಕೇಳಲು ಹೋದಾಗ ಮೇಯರಮ್ಮ ಕಿಟಕಿಯಿಂದ ಆಕಾಶ ನೋಡಿ, ಓರೆಸ್ಟನ ಮುಖ ನೋಡಿ, ಮತ್ತೆ ಆಕಾಶ ನೋಡಿ, "ಹೋಗಿ ಬನ್ನಿ, ಆದ್ರೆ ಹಿಮ ಬಿದ್ರೆ ನನ್ನ ಬಯ್ಯೋ ಜನಕ್ಕೆ ನಿಮ್ಮ ವಿಳಾಸ ಕೊಡ್ತೀನಿ. ಯಾವ ದ್ವೀಪ?" ಎಂದರು.

"ಬಿಸಿಲಿರೋ ದ್ವೀಪ ಮೇಡಂ," ಎಂದು ತಪ್ಪಿಸಿಕೊಂಡ.

ಅಷ್ಟು ಸುಲಭವಾಗಿ ತಪ್ಪಿಸಿಕೊಂಡದ್ದು ಅದೇ ಕೊನೆ. ಯಾಕೆಂದರೆ ಪಾಪ್ಲರ್ ಬೆಂಡಿನಂಥ ಪುಟ್ಟ ಊರಿನಲ್ಲೂ ಕೆರಿಬಿಯನ್ನಿನಿಂದ ಬಂದು ನೆಲೆಸಿದವರು ಮೂವರಿದ್ದರು, ಮೂವರದೂ ಬೇರೆ ಬೇರೆ ದ್ವೀಪ.

ಮೊದಲನೆಯವರು ಆರೋಗ್ಯ ಕೇಂದ್ರದ ನರ್ಸ್ ಮಾರ್ವಾ ಹೋಲ್ಡರ್. ಬಾರ್ಬಡೋಸಿನವರು. ಓರೆಸ್ಟ್ ಬಿಪಿ ನೋಡಿಸಿಕೊಳ್ಳಲು ಹೋದಾಗ ಅವರು ತೋಳಿಗೆ ಪಟ್ಟಿ ಕಟ್ಟಿ, ರಬ್ಬರ್ ಬುರುಡೆ ಒತ್ತುತ್ತ ವಿಚಾರಿಸಿದರು.

"ದ್ವೀಪಕ್ಕೆ ಹೊರಟಿದೀರಂತೆ, ಮಿಸ್ಟರ್ ಕೊಸ್ತಿಯುಕ್. ಬಾರ್ಬಡೋಸ್ ತಾನೆ?"

"ಇನ್ನೂ ಯೋಚನೆ ಮಾಡ್ತಿದೀವಿ ಸಿಸ್ಟರ್."

"ಯೋಚನೆ?" ಪುಸ್ ಪುಸ್ ಎಂದು ಎರಡು ಒತ್ತು. "ಯೋಚನೆ ಮಾಡೋಕೆ ಏನಿದೆ? ಬೇರೆ ದ್ವೀಪದಲ್ಲಿ ಮರಳಿದೆ, ಇಲ್ಲ ಅನ್ನಲ್ಲ. ನಮ್ಮಲ್ಲಿ ಇರೋದು ಹಿಟ್ಟು. ಗೋಧಿ ಹಿಟ್ಟು ಜರಡಿ ಹಿಡಿದ ಹಾಗೆ." ಪುಸ್ ಪುಸ್ ಪುಸ್. "ಬೇರೆ ಎಲ್ಲಾದ್ರೂ ಮನಸ್ಸಿದೆಯಾ?"

ಓರೆಸ್ಟನ ತೋಳು ಮೊಣಕೈಯಿಂದ ಕೆಳಗೆ ತನ್ನದಲ್ಲ ಎನಿಸತೊಡಗಿತು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದವು.

"ಬಾರ್ಬಡೋಸ್!" ಎಂದು ಕೂಗಿದ.

ಸ್ಸ್ಸ್ ಎಂದು ಗಾಳಿ ಇಳಿಯಿತು. ಸಿಸ್ಟರ್ ಮುಖ ಅರಳಿತು. "ಬಿಪಿ ಸ್ವಲ್ಪ ಜಾಸ್ತಿ ಇದೆ. ನಮ್ಮೂರ ಗಾಳಿಗೆ ಇಳಿದುಹೋಗತ್ತೆ. ಅಲ್ಲಿ ನನ್ನ ಚಿಕ್ಕಮ್ಮ ವೆರೋನಾ ಇದಾರೆ, ಹೋಟೆಲು ಗೀಟೆಲು ಅಂದ್ರೆ ನಾನು ಬೇಜಾರು ಮಾಡ್ಕೋತೀನಿ." ಸಂಜೆಯೊಳಗೆ ಚಿಕ್ಕಮ್ಮನಿಗೆಂದು ಒಂದು ದೊಡ್ಡ ಗಂಟು ಓರೆಸ್ಟನ ಮನೆ ತಲುಪಿತು. ಅದರಲ್ಲಿ ಹೊಗೆಯಲ್ಲಿ ಒಣಗಿಸಿದ ಕೆರೆಮೀನು. ಸುತ್ತ ಸಮುದ್ರವೇ ಇರುವ ಊರಿಗೆ ಮ್ಯಾನಿಟೋಬಾದಿಂದ ಮೀನು ಯಾಕೆಂದು ಕೇಳುವ ಧೈರ್ಯ ಅವನ ತೋಳಿಗಿರಲಿಲ್ಲ.

ಎರಡನೆಯವನು ಪುರಸಭೆಯ ಗ್ಯಾರೇಜಿನ ಮೆಕ್ಯಾನಿಕ್ ಕಾರ್ಲೈಲ್ ಫ್ರಾಂಸ್ವಾ. ಗ್ರೆನೇಡಾದವನು, ಓರೆಸ್ಟನ ಗೆಳೆಯ. ಹಿಮ ಗೋರುವ ಲಾರಿಯ ಮುಂದಿನ ಹಲಗೆ ಏಳುತ್ತಿರಲಿಲ್ಲವೆಂದು ಕಾರ್ಲೈಲ್ ಅದರ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ಬೂಟುಗಳು ಮಾತ್ರ. ರಾತ್ರಿ ಬಿರುಗಾಳಿ ಬರುತ್ತದೆಂದು ರೇಡಿಯೋ ಹೇಳಿತ್ತು.

"ಏನ್ ಮಾರಾಯ," ಎಂದವು ಬೂಟುಗಳು, "ಬಾರ್ಬಡೋಸಿಗೆ ಹೋಗ್ತೀಯಂತೆ? ಸಿಸ್ಟರ್ ಊರೆಲ್ಲ ಹೇಳ್ಕೊಂಡ್ ಬರ್ತಿದಾಳೆ. ನಾನು ನಂಬಲಿಲ್ಲ. ಓರೆಸ್ಟ್ ಅಂಥವನಲ್ಲ, ದೋಸೆಕಲ್ಲಿನ ಹಾಗೆ ಚಪ್ಪಟೆ ಇರೋ ಊರಿಗೆ ಅವನು ಹೋಗಲ್ಲ ಅಂದೆ. ಗ್ರೆನೇಡಾ ಬಿಟ್ಟು ಅಲ್ಲಿಗೆ ಹೋಗ್ತೀಯಾ ನೀನು?"

ಸ್ಪ್ಯಾನರಿನ ಸದ್ದು ನಿಂತಿತು. ಬೂಟುಗಳೂ ಅಲುಗಾಡಲಿಲ್ಲ. ಹೊರಗೆ ಗಾಳಿ ಬೀಸತೊಡಗಿತ್ತು. ಬೂಟುಗಳಿಗೆ ಸುಳ್ಳು ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭ ಎಂಬುದನ್ನು ಓರೆಸ್ಟ್ ಅಂದು ಕಂಡುಕೊಂಡ.

"ಇಲ್ಲಪ್ಪ, ಗ್ರೆನೇಡಾಕ್ಕೇ," ಎಂದ.

ಕಟಕಟ ಎಂದು ಸ್ಪ್ಯಾನರ್ ಮತ್ತೆ ಶುರುವಾಯಿತು. "ಹಾಗನ್ನು! ನಮ್ಮಮ್ಮಂಗೆ ಈಗ್ಲೇ ಫೋನ್ ಮಾಡ್ತೀನಿ. ತಮ್ಮನ ದೋಣಿಗೆ ಒಂದು ಪಂಪು ಕೊಡ್ತೀನಿ, ತಗೊಂಡ್ ಹೋಗು. ಭಾರ ಏನಿಲ್ಲ, ಇಬ್ರು ಎತ್ತಬಹುದು."

ಮೂರನೆಯದಕ್ಕೆ ಓರೆಸ್ಟನನ್ನು ಪೂರ್ತಿ ದೂರುವಂತಿಲ್ಲ. ಊರಿನಲ್ಲಿ ಚರ್ಚುಗಳು ಎರಡಿದ್ದರೂ ಬಿಸಿಗಾಳಿಯ ಯಂತ್ರ ಕೆಲಸ ಮಾಡುತ್ತಿದ್ದುದು ಒಂದರಲ್ಲೇ ಆದ್ದರಿಂದ ಚಳಿಗಾಲದಲ್ಲಿ ಎಲ್ಲರ ಭಕ್ತಿಯೂ ಅಲ್ಲಿಯೇ. ಅಲ್ಲಿನ ಪಾದ್ರಿ ಎಗ್ಬರ್ಟ್ ಪಿನಕ್ ಜಮೈಕಾದವರು. ದೊಡ್ಡ ಆಳು, ದೊಡ್ಡ ಕೈ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕುವುದು ಅವರ ರೂಢಿ. ಓರೆಸ್ಟನ ಕೈ ಸಿಕ್ಕಿದ್ದೇ ಬಿಡಲೇ ಇಲ್ಲ.

"ಸೋದರ ಓರೆಸ್ಟ್, ಜನ ಏನೇನೋ ಸಣ್ಣಪುಟ್ಟ ಕಲ್ಲುಬಂಡೆಗಳ ಹೆಸರು ಹೇಳ್ತಿದಾರೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ದ್ವೀಪ ಅಂದ ಮೇಲೆ ಜಮೈಕಾ. ಅಲ್ಲಿ ನಮ್ಮ ತಾಯಿ ಇಸಿಲ್ಡಾ ಒಬ್ಬರೇ ಇದಾರೆ. ನೀನು ಆ ಮನೆ ಬಾಗಿಲಲ್ಲಿ ನಿಲ್ಲೋದನ್ನ ನಾನು ಕಣ್ಣಾರೆ ಕಾಣ್ತಿದೀನಿ. ದೇವರ ಚಿತ್ತ ಹಾಗೇ ಆಗಲಿ!"

ಪಾದ್ರಿಗಳು ಆ ದನಿಯಲ್ಲಿ "ಆಗಲಿ" ಎಂದಾಗ ಎದುರಿಗಿದ್ದವರು ಏನನ್ನುತ್ತಾರೋ, ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿದ್ದ ಓರೆಸ್ಟನೂ ಅದನ್ನೇ ಅಂದ.

"ಆಮೆನ್."

ಪಾದ್ರಿಗಳು ಕೈ ಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನ ಅವರ ತಾಯಿಗೆಂದು ಒಂದು ಉಣ್ಣೆಯ ಶಾಲು ಬಂತು. ಜಮೈಕಾದಲ್ಲಿ ಸಂಜೆ ಹೊತ್ತು ಅವರಿಗೆ ಬಹಳ ಚಳಿಯಂತೆ.

ಆಮೇಲೆ ಫೋನುಗಳು ಶುರುವಾದವು. ಓರೆಸ್ಟ್ ಲಾರಿಯ ಮೇಲಿರುತ್ತಿದ್ದುದರಿಂದ ಫೋನೆತ್ತುತ್ತಿದ್ದವಳು ಲೆಸ್ಯಾ. ಒಂದು ಸಂಜೆ ಅವನು ಬೂಟಿನ ಹಿಮ ಕೊಡವಿ ಒಳಗೆ ಬಂದಾಗ ಅವಳು ಮೀನು, ಪಂಪು, ಶಾಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು ಕೂತಿದ್ದಳು.

"ಬಾರ್ಬಡೋಸಿನಿಂದ ಯಾರೋ ವೆರೋನಾ ಅನ್ನೋರು ಫೋನ್ ಮಾಡಿದ್ರು. ನಮಗೋಸ್ಕರ ಗೋಡೆಗೆ ಬಣ್ಣ ಬಳೀತಿದಾರಂತೆ, ಹಳದಿ ಆಗತ್ತಾ ಅಂತ ಕೇಳಿದ್ರು."

"ಹಳದಿ ಒಳ್ಳೇದೇ."

"ಗ್ರೆನೇಡಾದಿಂದ ಕಾರ್ಲೈಲ್‌ನ ಅಮ್ಮ. ನಿನಗೆ ಹಾಸಿಗೆ ಗಟ್ಟಿ ಬೇಕಾ ಮೆತ್ತಗಿರಬೇಕಾ ಅಂತ."

"ಹೂಂ."

"ಜಮೈಕಾದಿಂದ ಪಾದ್ರಿಗಳ ಅಮ್ಮ. ಅವರು ಏನೂ ಕೇಳಲಿಲ್ಲ. ಊಟಕ್ಕೆ ತಡ ಮಾಡಿದ್ರೆ ಬಡಿಸಲ್ಲ ಅಂತ ಹೇಳಿ ಇಟ್ರು." ಲೆಸ್ಯಾ ಕೈಕಟ್ಟಿದಳು. "ಓರೆಸ್ಟ್, ನಾವು ಎಷ್ಟು ದ್ವೀಪಕ್ಕೆ ಹೋಗ್ತಿದೀವಿ?"

"ಒಂದಕ್ಕೆ."

"ಯಾವುದಕ್ಕೆ?"

"ಅದೇ... ಇವರೆಲ್ಲರ ಹತ್ರ ಮಾತಾಡಿ ಸರಿ ಮಾಡ್ತೀನಿ. ನಾಳೆನೇ."

ಆ ನಾಳೆ ಮತ್ತೊಂದು ಬಿರುಗಾಳಿ ಬಂತು. ನಾಡಿದ್ದು ಲಾರಿಗೆ ಬಿಡುವಿರಲಿಲ್ಲ. ಅದರಾಚೆ ಅವನಿಗೆ ಧೈರ್ಯವಿರಲಿಲ್ಲ. ಟಿಕೆಟು ತೆಗೆದಿರಲಿಲ್ಲ, ತೆಗೆಯಬೇಕಾದರೆ ಒಂದು ಊರಿನ ಹೆಸರು ಹೇಳಬೇಕಲ್ಲ. ಭಾನುವಾರ ಬಂತು.

ಅಂದು ಪಾದ್ರಿ ಪಿನಕ್ ಪ್ರಸಂಗ ಮುಗಿಸಿ, ಕನ್ನಡಕ ತೆಗೆದು, ತುಂಬಿದ ಸಭೆಯನ್ನು ಪ್ರೀತಿಯಿಂದ ನೋಡಿದರು.

"ಈಗ ಪ್ರಯಾಣಿಕರಿಗಾಗಿ ಪ್ರಾರ್ಥಿಸೋಣ. ನಮ್ಮ ಸೋದರ ಓರೆಸ್ಟ್ ಮತ್ತು ಸೋದರಿ ಲೆಸ್ಯಾ, ಎಲ್ಲ ಬಿಟ್ಟು ಜಮೈಕಾವನ್ನ ಆರಿಸಿಕೊಂಡಿದಾರೆ..."

ಮುಂದಿನ ಸಾಲಿನಿಂದ ನರ್ಸ್ ಮಾರ್ವಾ ಎದ್ದು ನಿಂತರು. "ಕ್ಷಮಿಸಿ ಪಾದ್ರಿಗಳೇ. ಬಾರ್ಬಡೋಸ್."

"ಸೋದರಿ, ಜಮೈಕಾ."

"ನನ್ನ ಚಿಕ್ಕಮ್ಮ ಮನೆಗೆ ಬಣ್ಣ ಬಳೀತಿದಾರೆ!"

ಹಿಂದಿನಿಂದ ಕಾರ್ಲೈಲ್‌ನ ದನಿ ಬಂತು. "ಇಬ್ರೂ ಕೂತ್ಕೊಳ್ಳಿ. ಅವನು ಹೋಗ್ತಿರೋದು ಗ್ರೆನೇಡಾಕ್ಕೆ. ನನ್ನ ಪಂಪು ಅವನ ಮನೇಲಿದೆ."

ಸಭೆಯೆಲ್ಲ ಓರೆಸ್ಟನತ್ತ ತಿರುಗಿತು. ಬೊಹ್ದಾನ್ ಸರಿಯಾಗಿ ಕಾಣಲೆಂದು ಬೆಂಚಿನ ಮೇಲೆ ಮಂಡಿಯೂರಿ ತಿರುಗಿ ಕೂತ. ಮೆಕ್ಸಿಕೋದಲ್ಲೂ ಅವನ ಮುಖ ಅಷ್ಟು ಅರಳಿರಲಿಕ್ಕಿಲ್ಲ. ಓರೆಸ್ಟ್ ಎದ್ದು ನಿಂತ. ಮತ್ತೆ ಕೂತ. ಪಾದ್ರಿಗಳು ಕನ್ನಡಕ ಮತ್ತೆ ಹಾಕಿಕೊಂಡು, "ಹಾಡೋಣ," ಎಂದರು. ಸತ್ಯವನ್ನೇ ನುಡಿಯುವ ನಾಲಿಗೆ ಕೊಡು ಎಂದು ದೇವರನ್ನು ಬೇಡುವ ಗೀತೆ. ಅದಕ್ಕೆ ಚರಣಗಳು ಬಹಳ. ಒಂದೂ ಬಿಡದೆ ಹಾಡಿಸಿದರು.

ಆರಾಧನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಮತ್ತು ಪೆರೋಗಿ ಇರುತ್ತಿತ್ತು. ಬೆಣ್ಣೆಯಲ್ಲಿ ಹುರಿದ ಆ ಆಲೂಗಡ್ಡೆ ಕಡುಬಿನ ತಟ್ಟೆ ಹಿಡಿದು ಊರಿನವರು ಸಾಮಾನ್ಯವಾಗಿ ಗುಂಪುಗುಂಪಾಗಿ ನಿಲ್ಲುವುದು. ಅಂದು ಒಂದೇ ಗುಂಪು. ನಡುವೆ ಓರೆಸ್ಟ್.

"ನನಗೆ ಯಾಕೆ ಬಾರ್ಬಡೋಸ್ ಅಂದ್ರಿ?" ಎಂದರು ಮಾರ್ವಾ.

"ನೀವು ಗಾಳಿ ಒತ್ತುತ್ತಾ ಇದ್ರಿ, ಸಿಸ್ಟರ್."

"ನನಗೆ?" ಎಂದ ಕಾರ್ಲೈಲ್.

"ನೀನು ಲಾರಿ ಅಡಿ ಸುಮ್ಮನಾಗಿಬಿಟ್ಟೆ. ಬಿರುಗಾಳಿ ಬರೋದ್ರಲ್ಲಿತ್ತು."

ಪಾದ್ರಿಗಳು ಕೇಳುವ ಮೊದಲೇ ಓರೆಸ್ಟ್ ಅವರತ್ತ ತಿರುಗಿದ. "ನಿಮಗೆ ನಾನು ಬರೀ ಆಮೆನ್ ಅಂದೆ ಪಾದ್ರಿಗಳೇ. ಬಾಯಿಗೆ ಬಂದ್ಬಿಡ್ತು."

"ಆಮೆನ್ ಅಂದ್ರೆ ಹಾಗೇ ಆಗಲಿ ಅಂತ ಅರ್ಥ, ಸೋದರ."

"ಗೊತ್ತಿತ್ತು. ಆದ್ರೆ ಇಷ್ಟು ಬೇಗ ಆಗತ್ತೆ ಅಂತ ಗೊತ್ತಿರಲಿಲ್ಲ."

ಯಾರೋ ನಕ್ಕರು. ಅಷ್ಟಕ್ಕೇ ಮಾತು ಮುಗಿಯಬಹುದಿತ್ತು. ಆದರೆ ಕಾರ್ಲೈಲ್, "ಎಲ್ಲ ಬಿಡು, ಗ್ರೆನೇಡಾದ ಮುಂದೆ ಈ ಎರಡೂ ದ್ವೀಪ ಯಾವ ಲೆಕ್ಕ?" ಎಂದುಬಿಟ್ಟ. ಸರಿ, ಮೂವರೂ ಓರೆಸ್ಟನನ್ನು ಬಿಟ್ಟು ಒಬ್ಬರ ಮೇಲೊಬ್ಬರು ಬಿದ್ದರು. ಯಾರ ಸಮುದ್ರ ಹೆಚ್ಚು ನೀಲಿ, ಯಾರ ಮಾವು ಹೆಚ್ಚು ಸಿಹಿ, ಯಾರ ಕ್ರಿಕೆಟ್ಟಿಗರು ಯಾರ ಕ್ರಿಕೆಟ್ಟಿಗರನ್ನು ಯಾವಾಗ ಅಳಿಸಿದ್ದರು ಎಂದು ಜಗಳ ಹತ್ತಿತು. ಪಾದ್ರಿಗಳು ಮೇಜು ಗುದ್ದಿದರು. ಸಿಸ್ಟರ್ ಚಮಚ ಬೀಸಿದರು. ಓರೆಸ್ಟ್ ಮೆಲ್ಲಗೆ ಕೋಟು ಹಾಕಿಕೊಂಡು ಮೆಟ್ಟಿಲಿನತ್ತ ಸರಿದ.

ಮೆಟ್ಟಿಲ ಬಳಿ ಲೆಸ್ಯಾ ನಿಂತಿದ್ದಳು.

"ಕೋಟು ತೆಗಿ," ಎಂದಳು. "ಮೂವರು ವಯಸ್ಸಾದ ಹೆಂಗಸರು ಅಲ್ಲಿ ನಿನಗೋಸ್ಕರ ಮನೆ ಗುಡಿಸ್ತಿದಾರೆ. ಇವರ ಜೊತೆ ನಾಚಿಕೆ ಪಟ್ಟಿದ್ದು ಸಾಕು. ಅವರಿಗೆ ಫೋನ್ ಮಾಡು. ಇಲ್ಲೇ. ಈಗ್ಲೇ."

ಅಡುಗೆಮನೆಯ ಗೋಡೆಯ ಮೇಲೆ ಚರ್ಚಿನ ಫೋನಿತ್ತು. ಪಾತ್ರೆ ತೊಳೆಯುತ್ತಿದ್ದ ಹೆಂಗಸರು ನಲ್ಲಿ ನಿಲ್ಲಿಸಿದರು. ಬೊಹ್ದಾನ್ ಕುರ್ಚಿ ಎಳೆದುಕೊಂಡ.

ಮೊದಲು ಬಾರ್ಬಡೋಸ್. ಓರೆಸ್ಟ್ ತೊದಲುತ್ತ ಹೇಳಿ ಮುಗಿಸುವ ಮೊದಲೇ ವೆರೋನಾ ಚಿಕ್ಕಮ್ಮ, "ಬರಲ್ವಾ? ನಿಜವಾಗ್ಲೂ ಬರಲ್ವಾ?" ಎಂದು ಕೇಳಿ, "ನಿಮ್ಮ ಹೊಟ್ಟೆ ತಣ್ಣಗಿರಲಿ ಕಣಪ್ಪ! ಏಣಿ ಮೇಲೆ ನಿಂತು ನಿಂತು ನನ್ನ ಸೊಂಟ ಹೋಗಿತ್ತು. ಮಾರ್ವಾಗೆ ಬೇಜಾರಾಗತ್ತೆ ಅಂತ ಹೂಂ ಅಂದಿದ್ದೆ. ನನಗೆ ಆಗಲ್ಲ ಅಂತ ಹೇಳೋಕೆ ಬರಲ್ಲ," ಎಂದರು. ಓರೆಸ್ಟನಿಗೆ ದೂರದ ದೇಶದಲ್ಲಿ ಒಡಹುಟ್ಟಿದವಳು ಸಿಕ್ಕಂತಾಯಿತು. ಮಾರ್ವಾ ಮಾತ್ರ ಫೋನು ಕಿತ್ತುಕೊಂಡು ಚಿಕ್ಕಮ್ಮನ ಮೇಲೆ ಹರಿಹಾಯ್ದರು.

ಎರಡನೆಯದು ಗ್ರೆನೇಡಾ. ಕಾರ್ಲೈಲ್‌ನ ಅಮ್ಮ ಎಲ್ಲ ಕೇಳಿಸಿಕೊಂಡರು.

"ಅಂದ್ರೆ ಬರಲ್ಲ."

"ಇಲ್ಲಮ್ಮ."

"ಅಂಗಳದ ಮರದಲ್ಲಿ ಒಂದು ದೀವಿಹಲಸು ಬಿಟ್ಟಿದೆ. ಪಕ್ಕದ ಮನೆಯವರು ದಿನಾ ಕೇಳ್ತಾರೆ. ಕೆನಡಾದಿಂದ ನನ್ನ ಮಗನ ಸ್ನೇಹಿತ ಬರ್ತಾನೆ, ಅವನಿಗಿದು ಅಂತ ಹೇಳಿ ಕಳಿಸ್ತಿದ್ದೆ. ಹೋಗ್ಲಿ ಬಿಡಪ್ಪ. ಅವರಿಗೇ ಕೊಡ್ತೀನಿ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಓರೆಸ್ಟ್ ಫೋನನ್ನು ಎರಡೂ ಕೈಯಲ್ಲಿ ಹಿಡಿದ. "ಮುಂದಿನ ವರ್ಷ ಬರ್ತೀನಮ್ಮ," ಎಂದ.

ಕಾರ್ಲೈಲ್ ಅವನ ಭುಜ ಹಿಡಿದ. ಈಗ ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಓರೆಸ್ಟ್, ನನಗೆ ಸುಳ್ಳು ಹೇಳು, ಪರವಾಗಿಲ್ಲ. ಅವಳಿಗೆ ಹೇಳ್ಬೇಡ. ಅವಳು ಹಣ್ಣು ನೋಡ್ಕೊಂಡು ಕಾಯ್ತಾಳೆ."

"ಬರ್ತೀನಿ," ಎಂದ ಓರೆಸ್ಟ್. ಅವನ ಜೀವನದಲ್ಲಿ ಹೆದರಿಕೆಗಲ್ಲದೆ ಹೇಳಿದ ಮೊದಲ ಒಪ್ಪಿಗೆ ಅದೇ ಇರಬೇಕು.

ಕೊನೆಗೆ ಜಮೈಕಾ. ಇಸಿಲ್ಡಾ ಅಮ್ಮ ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ ಓರೆಸ್ಟ್ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದ. ಅಡುಗೆಮನೆಯೆಲ್ಲ ಕೇಳಿಸಿಕೊಂಡಿತು.

"ಏನು? ಪಾದ್ರಿಗೆ ಸುಳ್ಳು ಹೇಳಿದೆಯಾ?"

"ಆಮೆನ್ ಅಂದೆ ಅಮ್ಮ, ಅಷ್ಟೆ."

"ದೇವರ ಹೆಸರಲ್ಲಿ ಸುಳ್ಳು ಹೇಳಿದೆಯಾ! ವಯಸ್ಸೆಷ್ಟು ನಿನಗೆ?"

"ಐವತ್ತೆಂಟು."

"ಐವತ್ತೆಂಟು ವರ್ಷದ ಗಂಡಸಿಗೆ ಆಗಲ್ಲ ಅನ್ನೋಕೆ ಬರಲ್ವಾ? ನಮ್ಮನೆ ಕತ್ತೆಗೆ ಬರತ್ತೆ. ಹೆಂಡತಿ ಪಕ್ಕದಲ್ಲಿದಾಳಾ? ಕೊಡು ಅವಳಿಗೆ."

ಲೆಸ್ಯಾ ಫೋನು ತೆಗೆದುಕೊಂಡಳು. "ಹೂಂ... ಹೌದು, ಮೊದಲಿಂದ್ಲೂ ಹೀಗೇ... ಮದುವೆ ದಿನ ಎರಡು ವಾದ್ಯದ ತಂಡ ಬಂದಿತ್ತು, ಇಬ್ಬರಿಗೂ ಹೂಂ ಅಂದಿದ್ದ... ಅಯ್ಯೋ, ಒಂದೇ ಸಲಕ್ಕೆ ಬಾರಿಸಿದ್ರು..." ಅವಳು ನಗತೊಡಗಿದಳು. ಕಣ್ಣೊರೆಸಿಕೊಂಡು ನಕ್ಕಳು. ಫೋನಿಟ್ಟು ಎಲ್ಲರತ್ತ ತಿರುಗಿ, "ಜಮೈಕಾ," ಎಂದಳು.

"ಯಾಕೆ?" ಎಂದರು ಮಾರ್ವಾ ಮತ್ತು ಕಾರ್ಲೈಲ್ ಒಟ್ಟಿಗೆ.

"ನಿಮ್ಮ ಚಿಕ್ಕಮ್ಮನೂ ನಿನ್ನ ಅಮ್ಮನೂ ತುಂಬಾ ಒಳ್ಳೆಯವರು. ಇವನನ್ನ ಒಳ್ಳೆಯವರ ಕೈಗೆ ಕೊಟ್ಟು ಕೊಟ್ಟೇ ಹೀಗಾಗಿದಾನೆ."

ಹೀಗೆ ದ್ವೀಪದ ಆಯ್ಕೆಯಾಯಿತು. ಪಾದ್ರಿಗಳು ಗೆದ್ದರೂ ಗೆದ್ದಂತೆ ಕಾಣಲಿಲ್ಲ. ತಾಯಿಯ ಕೈಯಲ್ಲಿ ಬೆಳೆದವರಾದ್ದರಿಂದ ಓರೆಸ್ಟನಿಗಾಗಿ ಆ ವಾರ ನಿಜವಾಗಿಯೂ ಪ್ರಾರ್ಥಿಸಿದರು.

ಇಸಿಲ್ಡಾ ಅಮ್ಮನ ಮನೆ ಸಮುದ್ರದ ದಂಡೆಯ ಒಂದು ಹಳ್ಳಿಯಲ್ಲಿತ್ತು. ಆಕೆ ಓರೆಸ್ಟನ ಎದೆಮಟ್ಟಕ್ಕೆ ಬರುವಷ್ಟು ಪುಟ್ಟ ಹೆಂಗಸು, ಎಂಬತ್ತೊಂದು ವರ್ಷ. ಗೇಟಿನಲ್ಲಿ ನಿಂತು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಲೆಸ್ಯಾಳಿಗೆ ಮಾವಿನ ಮರದ ನೆರಳಲ್ಲಿದ್ದ ಕುರ್ಚಿ ತೋರಿಸಿದರು. "ನೀನಲ್ಲಿ ಕೂತ್ಕೋ ಮಗಳೇ, ಏಳಬೇಡ." ಲೆಸ್ಯಾ ಕೂತಳು. ಬೂಟು ಕಿತ್ತೆಸೆದಳು, ಕಾಲುಚೀಲ ಕಿತ್ತೆಸೆದಳು, ಹತ್ತೂ ಬೆರಳುಗಳನ್ನು ಬೆಚ್ಚಗಿನ ಮರಳಿನಲ್ಲಿ ಹೂತು ಕಣ್ಣು ಮುಚ್ಚಿದಳು. ಆ ವಾರದಲ್ಲಿ ಅವಳ ಕಥೆ ಅಷ್ಟೇ. ಅದಕ್ಕಿಂತ ಸುಖವಾದ ಕಥೆ ನನಗೆ ಗೊತ್ತಿಲ್ಲ.

ಓರೆಸ್ಟನದು ಹಾಗಾಗಲಿಲ್ಲ. ಮೊದಲ ಊಟಕ್ಕೆ ಇಸಿಲ್ಡಾ ಅಮ್ಮ ತೆಂಗಿನಹಾಲಿನ ಅನ್ನ, ಮೇಕೆ ಸಾರು ಬಡಿಸಿ, "ಇನ್ನೊಂದು ಸ್ವಲ್ಪ?" ಎಂದರು. "ಆಗ್ಲಿ ಅಮ್ಮ." "ಇನ್ನೊಂದು?" "ಆಗ್ಲಿ." ಐದನೆಯ ಸಲಕ್ಕೆ ಅವನ ಹಣೆಯಲ್ಲಿ ಬೆವರು. ಆಕೆ ಸೌಟು ಕೆಳಗಿಟ್ಟರು. "ಹೊಟ್ಟೆ ಬಿರಿದು ಸಾಯ್ತೀಯೇ ಹೊರತು ಬೇಡ ಅನ್ನಲ್ಲ. ಕಾಯಿಲೆ ದೊಡ್ಡದೇ ಇದೆ."

ಮರುದಿನದಿಂದ ಚಿಕಿತ್ಸೆ. ಆಕೆ ಹಳ್ಳಿಗೆಲ್ಲ ಹೇಳಿ ಕಳಿಸಿದ್ದರು: ಕೆನಡಾದವನಿಗೆ ಏನು ಬೇಕಾದರೂ ಕೇಳಿ, ಅವನು ಆಗಲ್ಲ ಅನ್ನುವವರೆಗೆ ಬಿಡಬೇಡಿ. ಇಂಥ ಪರೋಪಕಾರ ಯಾರು ಬಿಡುತ್ತಾರೆ? ಒಬ್ಬ ಬಂದು ಟೋಪಿ ಕೇಳಿ ತೆಗೆದುಕೊಂಡು ಹೋದ. ಇನ್ನೊಬ್ಬ ಕೋಳಿಗೂಡಿನ ಚಾವಣಿ ಸರಿಮಾಡಿಸಿಕೊಂಡ. ಹುಡುಗಿಯರು ಜಡೆ ಹೆಣೆಯುತ್ತೇವೆಂದು ಬಂದು, ಅವನ ತಲೆಯಲ್ಲಿ ಉಳಿದಿದ್ದ ಸ್ವಲ್ಪವನ್ನೇ ಹೆಣೆದು ಮಣಿ ಪೋಣಿಸಿದರು. ಮಧ್ಯಾಹ್ನ ಅವನು ಹಗ್ಗ ಹಿಡಿದು ಮನೆಗೆ ಬಂದ. ಹಗ್ಗದ ಆ ತುದಿಯಲ್ಲಿ ಒಂದು ಮೇಕೆ.

"ಏನಿದು?" ಎಂದಳು ಲೆಸ್ಯಾ, ಒಂದೇ ಕಣ್ಣು ತೆರೆದು.

"ಒಬ್ಬರು ತಗೊಳ್ತೀಯಾ ಅಂದ್ರು..."

"ಮ್ಯಾನಿಟೋಬಾಕ್ಕೆ?"

"ಅದನ್ನ ಯೋಚಿಸಲಿಲ್ಲ."

ಇಸಿಲ್ಡಾ ಅಮ್ಮ ಮೇಕೆಯನ್ನು ಹಿಂದಕ್ಕಟ್ಟಿ ಬಂದರು. ಆಮೇಲೆ ಅವನನ್ನು ಗೇಟಿನ ಬಳಿ ನಿಲ್ಲಿಸಿ, "ಬಾಯಿ ತೆಗಿ. ಆ. ಗ. ಲ್ಲ," ಎಂದು ಹೇಳಿಸಿದರು. ಗೇಟಿನ ಮೇಲೆ ಕೂತ ಹೇಂಟೆಯೂ ಕೇಳಿಸಿಕೊಂಡು ಹಾರಿಹೋಯಿತು. ಆದರೆ ಎದುರಿಗೆ ಮನುಷ್ಯ ಬಂದು ಕೇಳಿದೊಡನೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಕೊನೆಗೆ ಬಾಯಿ ಬಿಡಿಸಿದವನು ಲಿನ್‌ವಲ್ ಎಂಬ ಮೀನುಗಾರ. ಅಲೆ ಎದ್ದಿದ್ದ ಒಂದು ಬೆಳಿಗ್ಗೆ ಅವನು ದೋಣಿಯ ಬಳಿ ನಿಂತು, "ಬರ್ತೀಯಾ ಯಜಮಾನ, ಸಮುದ್ರದ ಒಳಗೆ ಹೋಗಿಬರೋಣ?" ಎಂದ. ಓರೆಸ್ಟನಿಗೆ ಸ್ನಾನದ ತೊಟ್ಟಿಯಲ್ಲೂ ತಲೆ ತಿರುಗುತ್ತಿತ್ತು. ದೋಣಿ ನೋಡಿದ, ಅಲೆ ನೋಡಿದ. ಹಳ್ಳಿಯ ಜನ ಡಾಮಿನೋ ಆಟ ನಿಲ್ಲಿಸಿ ಕಾದರು.

"ಆ..." ಎಂದ. "ಆಗ..."

"ಹೇಳು!" ಎಂದು ಇಸಿಲ್ಡಾ ಅಮ್ಮ ಗೇಟಿನಿಂದ ಕೂಗಿದರು.

"ಆಗಲ್ಲ!"

ಚಪ್ಪಾಳೆ ಬಿತ್ತು. ಲಿನ್‌ವಲ್ ಅವನನ್ನು ತಬ್ಬಿಕೊಂಡ. ಟೋಪಿ ತೆಗೆದುಕೊಂಡು ಹೋದವನು ಟೋಪಿ ತಂದುಕೊಟ್ಟ. ಓರೆಸ್ಟನಿಗೆ ಆ ಮಾತಿನ ರುಚಿ ಎಷ್ಟು ಹತ್ತಿತೆಂದರೆ ಅಂದು ಮಧ್ಯಾಹ್ನ ಊಟಕ್ಕೆ ಕರೆದಾಗಲೂ "ಆಗಲ್ಲ" ಎಂದು, ಸಂಜೆಯವರೆಗೆ ಉಪವಾಸ ಬಿದ್ದ. ಇಸಿಲ್ಡಾ ಅಮ್ಮ ಎರಡನೆಯ ಸಲ ಕರೆಯಲಿಲ್ಲ. ಸಂಜೆ ಮಾತ್ರ ಒಂದು ತಟ್ಟೆ ಮುಚ್ಚಿಟ್ಟಿದ್ದರು.

ಉಳಿದ ದಿನಗಳಲ್ಲಿ ಓರೆಸ್ಟ್ ಆಕೆಯ ಗೇಟಿಗೆ ಹೊಸ ಕೀಲು ಹಾಕಿದ, ನೀರಿನ ತೊಟ್ಟಿ ತೊಳೆದ. ಇವು ಯಾರೂ ಕೇಳದೆ ಮಾಡಿದ್ದು. ಸಂಜೆ ಆಕೆ ಉಣ್ಣೆಯ ಶಾಲು ಹೊದ್ದು ಜಗಲಿಯಲ್ಲಿ ಕೂತು ಮಗನ ಬಾಲ್ಯದ ತುಂಟತನಗಳನ್ನು ಹೇಳುತ್ತಿದ್ದರು. ಬೆವರು ಒರೆಸುತ್ತ ಓರೆಸ್ಟ್ ಕೇಳುತ್ತಿದ್ದ. ಪಾದ್ರಿಗಳ ಬಗ್ಗೆ ಅವನಿಗೆ ಈಗ ಅಷ್ಟೊಂದು ಹೆದರಿಕೆ ಉಳಿದಿರಲಿಲ್ಲ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂತು. ಲೆಸ್ಯಾ ಒಳಗೆ ಕೂತಳು. ಇಸಿಲ್ಡಾ ಅಮ್ಮ ಗೇಟಿಗೆ ಒರಗಿ, ಎತ್ತಲೋ ನೋಡುತ್ತ, ಆವರೆಗೆ ಆಕೆಯ ಬಾಯಲ್ಲಿ ಅವನು ಕೇಳದ ಮೆತ್ತಗಿನ ದನಿಯಲ್ಲಿ, "ಮುಂದಿನ ಚಳಿಗಾಲಕ್ಕೆ ಬರ್ತೀಯಾ?" ಎಂದರು.

ಬರ್ತೀನಿ ಎನ್ನುವುದಕ್ಕೆ ಅವನ ಬಾಯಿ ತಾನಾಗಿಯೇ ತೆರೆಯಿತು. ಇಡೀ ಜೀವಮಾನ ತೆರೆದದ್ದು ಹಾಗೆಯೇ. ಅವನಿಗೆ ಬರುವ ಆಸೆಯೂ ಇತ್ತು, ಅದೇ ಕಷ್ಟ. ಬಾಯಿ ಮುಚ್ಚಿ, ಮತ್ತೆ ತೆರೆದ.

"ಆಗಲ್ಲಮ್ಮ," ಎಂದ. "ಮುಂದಿನ ವರ್ಷ ಗ್ರೆನೇಡಾ. ಅಲ್ಲಿ ಕಾರ್ಲೈಲ್‌ನ ಅಮ್ಮನಿಗೆ ಮಾತು ಕೊಟ್ಟಿದೀನಿ."

ಟ್ಯಾಕ್ಸಿಯಿಂದ ಲೆಸ್ಯಾ ತಲೆ ಹೊರಹಾಕಿದಳು. ಇಸಿಲ್ಡಾ ಅಮ್ಮ ಅವನ ಮುಖವನ್ನೇ ನೋಡಿದರು, ಬೈಯುತ್ತಾರೋ ಹೊಡೆಯುತ್ತಾರೋ ತಿಳಿಯದಂತೆ.

"ಅದರಾಚೆ ವರ್ಷ?"

"ಇಲ್ಲಿಗೆ."

"ಆಗ ನನಗೆ ಎಂಬತ್ಮೂರು."

"ಇರ್ತೀರಲ್ಲ ಅಮ್ಮ?"

ಟ್ಯಾಕ್ಸಿಯವನು ಹಾರ್ನ್ ಒತ್ತಿದ. ಆಕೆ ಅವನಿಗೆ ಕೈಯೆತ್ತಿ ಗದರಿಸಿ, ಬಹಳ ಹೊತ್ತು ಯೋಚಿಸಿದರು. ಯಾವುದಕ್ಕೂ ಸುಮ್ಮಸುಮ್ಮನೆ ಒಪ್ಪಿಕೊಂಡವರಲ್ಲ ಆಕೆ.

"ಇರ್ತೀನಿ," ಎಂದರು.